ಪಿಕಪ್ ಎತ್ತರಿಸುವ ಮುನ್ನ ಎರಡು ಇಂಚಿನ ಲೆಕ್ಕ

ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡಿದ ಮೇಲೆ ಬೈಲಹೊಂಗಲ, ಕಿತ್ತೂರು ಭಾಗದ ಹೊಲದ ದಾರಿಗಳ ಸ್ವರೂಪವೇ ಬದಲಾಗುತ್ತದೆ. ಕಬ್ಬು ಹೇರಿದ ಜೋಡಿ ಟ್ರಾಲಿಗಳು ಓಡಾಡಿ ಓಡಾಡಿ ಎರಡೂ ಬದಿಗೆ ಆಳವಾದ ಜಾಡು ಬೀಳುತ್ತದೆ. ನಡುವೆ ಉಳಿದ ಮಣ್ಣಿನ ದಿಂಡು ಬಿಸಿಲಿಗೆ ಕಲ್ಲಾಗುತ್ತದೆ. ಟ್ರ್ಯಾಕ್ಟರಿಗೆ ಅದು ಲೆಕ್ಕಕ್ಕೇ ಇಲ್ಲ. ಅದೇ ದಾರಿಯಲ್ಲಿ ಗೊಬ್ಬರದ ಚೀಲ, ಪೈಪು, ಮೋಟಾರು ಹೇರಿಕೊಂಡು ಹೋಗುವ ಪಿಕಪ್ ಮಾತ್ರ ಹೊಟ್ಟೆ ಉಜ್ಜಿಕೊಂಡೇ ದಾಟಬೇಕು. ಆ ಸದ್ದು ಕೇಳಿದಾಗಲೆಲ್ಲ ಮಾಲೀಕರ ಮನಸ್ಸಿನಲ್ಲಿ ಒಂದೇ ವಿಚಾರ ಬರುತ್ತದೆ: ಗಾಡಿ ಒಂದೆರಡು ಇಂಚು ಎತ್ತರಿಸಿಬಿಟ್ಟರೆ ಹೇಗೆ?

ಎತ್ತರಿಸಬಹುದು. ಫೋರ್ ವೀಲ್ ಡ್ರೈವ್ ಪಿಕಪ್‌ಗಳಾದ ಮಹೀಂದ್ರಾ ಬೊಲೆರೊ ಕ್ಯಾಂಪರ್, 2016ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್, 2022ರಲ್ಲಿ ಬಂದ ಟೊಯೊಟಾ ಹೈಲಕ್ಸ್, ಇವೆಲ್ಲ ಗಟ್ಟಿ ಚಾಸಿಯ ಮೇಲೆ ಕೂತ ಗಾಡಿಗಳು. ಹಿಂದೆ ಲೀಫ್ ಸ್ಪ್ರಿಂಗ್ ಇರುತ್ತದೆ, ಅದನ್ನು ಎತ್ತರಿಸುವ ದಾರಿಗಳೂ ಇವೆ. ಆದರೆ ದುಡ್ಡು ಕೊಡುವ ಮೊದಲು ಒಂದು ಸಂಗತಿ ಖಚಿತವಾಗಿ ಗೊತ್ತಿರಬೇಕು. ಸಸ್ಪೆನ್ಷನ್ ಲಿಫ್ಟ್ ಮಾಡಿಸಿದರೆ ಚಾಸಿ ಮೇಲೇಳುತ್ತದೆ, ಕ್ಯಾಬಿನ್ ಮೇಲೇಳುತ್ತದೆ, ಬಂಪರ್ ಮೇಲೇಳುತ್ತದೆ. ಹಿಂದಿನ ಆಕ್ಸಲ್ ಮತ್ತು ಅದರ ನಡುವೆ ಗುಂಡಗೆ ಜೋತುಬಿದ್ದ ಹೌಸಿಂಗ್ ಇದ್ದಲ್ಲಿಯೇ ಇರುತ್ತದೆ. ನೆಲದಿಂದ ಹೌಸಿಂಗ್‌ಗೆ ಇರುವ ಎತ್ತರವನ್ನು ತೀರ್ಮಾನಿಸುವುದು ಗಾಲಿಯೇ ಹೊರತು ಸ್ಪ್ರಿಂಗ್ ಅಲ್ಲ. ಕಬ್ಬಿನ ದಾರಿಯ ದಿಂಡಿಗೆ ಎಲ್ಲಕ್ಕಿಂತ ಮೊದಲು ಬಡಿಯುವುದು ಸಾಮಾನ್ಯವಾಗಿ ಆ ಹೌಸಿಂಗೇ. ಹಾಗಾಗಿ ಎರಡು ಇಂಚು ಎತ್ತರಿಸಿಯೂ ಅದೇ ಜಾಗಕ್ಕೆ ಅದೇ ದಿಂಡು ಬಡಿದರೆ ಅದು ಮೆಕ್ಯಾನಿಕ್‌ನ ತಪ್ಪಲ್ಲ.

ಹಾಗಾದರೆ ದೊಡ್ಡ ಟೈರು ಹಾಕಿದರೆ ಮುಗಿಯಿತಲ್ಲ ಎಂದರೆ, ಅದರ ಲೆಕ್ಕವನ್ನೂ ನೋಡಿ. 245/70 ಆರ್16 ಅಳತೆಯ ಟೈರಿನ ಒಟ್ಟು ಎತ್ತರ ಸುಮಾರು 749 ಮಿಲಿಮೀಟರ್. ಅದರ ಬದಲು 265/70 ಆರ್16 ಹಾಕಿದರೆ 777 ಆಗುತ್ತದೆ. ವ್ಯತ್ಯಾಸ 28 ಮಿ.ಮೀ. ಆಕ್ಸಲ್ ಇರುವುದು ಗಾಲಿಯ ನಟ್ಟನಡುವೆ. ಹೀಗಾಗಿ ಅದು ಏರುವುದು ಅದರ ಅರ್ಧ, ಅಂದರೆ 14 ಮಿ.ಮೀ. ಮಾತ್ರ. ಅರ್ಧ ಇಂಚಿಗಿಂತ ತುಸು ಹೆಚ್ಚು. ಜೊತೆಗೆ ಗಾಲಿಯ ಸುತ್ತಳತೆ ಹೆಚ್ಚಾದ್ದರಿಂದ ಸ್ಪೀಡೋಮೀಟರ್ 80 ತೋರಿಸುವಾಗ ಗಾಡಿ ನಿಜವಾಗಿ 83ರ ಆಸುಪಾಸಿನಲ್ಲಿ ಓಡುತ್ತಿರುತ್ತದೆ. ಎಳೆಯುವ ಶಕ್ತಿ ಸ್ವಲ್ಪ ಇಳಿಯುತ್ತದೆ, ಬ್ರೇಕಿಗೆ ಸ್ವಲ್ಪ ಹೆಚ್ಚು ಕೆಲಸ ಬೀಳುತ್ತದೆ. ಇದಕ್ಕಿಂತ ದೊಡ್ಡ ಟೈರಿನ ಆಸೆ ಬೇಡ ಎನ್ನುವುದು ನನ್ನ ಅಭಿಪ್ರಾಯ. ಸರಕು ಹೊರುವ ಗಾಡಿಗೆ ಟೈರಿನ ಅಳತೆಗಿಂತ ಅದರ ಲೋಡ್ ರೇಟಿಂಗ್ ಮುಖ್ಯ. ಟೈರಿನ ಬದಿಯಲ್ಲಿ ಬರೆದ ಆ ಅಂಕಿ ಕಂಪನಿ ಕೊಟ್ಟ ಟೈರಿಗಿಂತ ಕಡಿಮೆ ಇರಲೇಕೂಡದು.

ಲಿಫ್ಟ್‌ನಿಂದ ನಿಜವಾದ ಉಪಯೋಗ ಎಲ್ಲಿದೆ ಎಂಬುದು ನಿಮ್ಮ ಹೊಲ ಯಾವ ದಿಕ್ಕಿಗಿದೆ ಎನ್ನುವುದರ ಮೇಲೆ ನಿಂತಿದೆ. ಕಿತ್ತೂರಿನಿಂದ ಪಶ್ಚಿಮಕ್ಕೆ ಹೋದಷ್ಟೂ ಮಳೆ ಹೆಚ್ಚು, ಕೆಂಪು ನೆಲ, ಏರಿಳಿತ, ಭತ್ತದ ಗದ್ದೆಯ ಒಡ್ಡು. ಒಡ್ಡು ಹತ್ತುವಾಗ ಮುಂದಿನ ಬಂಪರಿನ ತುಟಿ, ಇಳಿಯುವಾಗ ಹಿಂದಿನ ಕೊಕ್ಕೆ ಮಣ್ಣಿಗೆ ತಾಗುತ್ತವೆ. ಇಲ್ಲಿ ಎರಡು ಇಂಚು ಬಹಳ ದೊಡ್ಡ ಸಹಾಯ. ಮಲಪ್ರಭಾ ಕಾಲುವೆಗಳ ಏರಿಯ ಮೇಲಿಂದ ಹೊಲಕ್ಕೆ ಇಳಿಯುವ ಕಡಿದಾದ ಜಾಗದಲ್ಲೂ ಹಾಗೆಯೇ. ಸವದತ್ತಿಯ ಗುಡ್ಡದ ಸಾಲು, ರಾಮದುರ್ಗದ ಸುತ್ತಲಿನ ಕಲ್ಲುಗುಡ್ಡಗಳಲ್ಲಿ ಚಾಸಿಯ ನಡುಭಾಗ, ಡೀಸೆಲ್ ಟ್ಯಾಂಕು, ಗೇರ್‌ಬಾಕ್ಸ್ ಕೆಳಗಿನ ಪಟ್ಟಿ ಕಲ್ಲಿಗೆ ಬಡಿಯದಂತೆ ಲಿಫ್ಟ್ ಕಾಯುತ್ತದೆ.

ಎರಿ ಭೂಮಿಯ ಮಾತೇ ಬೇರೆ. ಬೈಲಹೊಂಗಲ, ಸವದತ್ತಿ ಬಯಲಿನ ಕರಿ ಮಣ್ಣು ಮಳೆ ಬಿದ್ದ ಅರ್ಧ ತಾಸಿನಲ್ಲಿ ಅಂಟಾಗಿ ಟೈರಿನ ಗೆರೆಗಳನ್ನೆಲ್ಲ ತುಂಬಿಬಿಡುತ್ತದೆ. ಅಲ್ಲಿ ಗಾಡಿ ನಿಲ್ಲುವುದು ಎತ್ತರ ಸಾಲದೆ ಅಲ್ಲ, ಹಿಡಿತ ಸಾಲದೆ. ಲಿಫ್ಟ್‌ನಿಂದ ಸಿಗುವ ಲಾಭ ಒಂದೇ: ಟೈರು ಮತ್ತು ಮಡ್‌ಗಾರ್ಡ್ ನಡುವೆ ಜಾಗ ಹೆಚ್ಚಾಗಿ ಮಣ್ಣು ಕಟ್ಟಿಕೊಂಡು ಗಾಲಿ ಬಿಗಿಯುವುದು ಕಡಿಮೆಯಾಗುತ್ತದೆ. ಉಳಿದಂತೆ ಒಳ್ಳೆಯ ಗೆರೆಯ ಟೈರು, ಗಾಳಿ ಸ್ವಲ್ಪ ಇಳಿಸಿ ಡಾಂಬರಿಗೆ ಬಂದೊಡನೆ ಮತ್ತೆ ತುಂಬಿಸಿಕೊಳ್ಳಲು ಒಂದು ಸಣ್ಣ ಕಂಪ್ರೆಸರ್, ಫೋರ್ ಲೋ ಗೇರು ಹಾಕಿ ಎಕ್ಸಲರೇಟರ್ ಒತ್ತದೆ ನಿಧಾನ ಸಾಗುವ ರೂಢಿ, ಇವುಗಳಿಂದ ಆಗುವ ಕೆಲಸ ಲಿಫ್ಟ್‌ನಿಂದ ಆಗದು. ಹಸಿ ಎರಿ ಹೊಲಕ್ಕೆ ಇಳಿಯದೆ ಒಂದು ದಿನ ತಡೆಯುವುದು ಇವೆಲ್ಲಕ್ಕಿಂತ ಒಳ್ಳೆಯದು. ಅದು ಹೊಲಕ್ಕೂ ಒಳ್ಳೆಯದು.

ನೀರಿನ ವಿಷಯದಲ್ಲಿ ಒಂದು ಗಟ್ಟಿ ಎಚ್ಚರಿಕೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ಪಟ್ಟಣ ಮತ್ತು ನದಿ ದಂಡೆಯ ಊರುಗಳು ಮುಳುಗಿದ್ದನ್ನು ನಾವೆಲ್ಲ ನೋಡಿದ್ದೇವೆ. ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕೆಳಗಿನ ತಗ್ಗು ಸೇತುವೆಗಳು ಮುಳುಗುತ್ತವೆ. ಗಾಡಿ ಎತ್ತರವಾಗಿದೆ ಎಂಬ ಧೈರ್ಯದಿಂದ ಹರಿಯುವ ನೀರಿಗೆ ಇಳಿಯಬೇಡಿ. ಎರಡು ಇಂಚು ಎತ್ತರಿಸಿದ ಮಾತ್ರಕ್ಕೆ ಹರಿವಿನ ತಳ್ಳು ಕಡಿಮೆಯಾಗುವುದಿಲ್ಲ. ಆಕ್ಸಲ್, ಬೇರಿಂಗ್, ಬ್ರೇಕುಗಳು ಮೊದಲಿನಷ್ಟೇ ನೀರಿನಲ್ಲಿರುತ್ತವೆ.

ಈಗ ಕೆಲಸಕ್ಕೆ ಬರೋಣ. ಗ್ಯಾರೇಜಿಗೆ ಹೋಗುವ ಮೊದಲು ಮನೆಯಲ್ಲೇ ಮಾಡಬೇಕಾದದ್ದಿದೆ. ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ಗಾಡಿ ನಿಲ್ಲಿಸಿ, ನಾಲ್ಕೂ ಟೈರಿನ ಗಾಳಿ ಸರಿಪಡಿಸಿ, ಪ್ರತಿ ಗಾಲಿಯ ನಟ್ಟನಡುವಿನಿಂದ ನೇರ ಮೇಲೆ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿದು ಅಳೆಯಿರಿ. ಮೊದಲು ಖಾಲಿ ಗಾಡಿ, ಆಮೇಲೆ ನೀವು ದಿನಾ ಹೇರುವಷ್ಟು ಲೋಡು ಹಾಕಿ. ಎಂಟು ಅಂಕಿ ಒಂದು ಹಾಳೆಯಲ್ಲಿ ಬರೆದಿಡಿ. ನೆಲದಿಂದ ಅಳೆದರೆ ಟೈರಿನ ಸವೆತ, ಗಾಳಿ ಎಲ್ಲ ಸೇರಿ ಲೆಕ್ಕ ತಪ್ಪುತ್ತದೆ. ಅದಕ್ಕೇ ಗಾಲಿಯ ನಡುವಿನಿಂದ ಅಳೆಯುವುದು. ಎಡ ಬಲ ಹತ್ತು ಹದಿನೈದು ಮಿ.ಮೀ. ವ್ಯತ್ಯಾಸ ಕಂಡರೆ ಒಂದು ಬದಿಯ ಸ್ಪ್ರಿಂಗ್ ಸೋತಿದೆ ಎಂದರ್ಥ. ಮೊದಲು ಅದು ಸರಿಯಾಗಬೇಕು.

ವರ್ಷಗಟ್ಟಲೆ ಸಿಮೆಂಟು, ಗೊಬ್ಬರ, ಮೆಕ್ಕೆಜೋಳ ಹೊತ್ತ ಗಾಡಿಗಳಲ್ಲಿ ಹಿಂದಿನ ಲೀಫ್ ಸ್ಪ್ರಿಂಗಿನ ಪ್ಲೇಟುಗಳು ಬಿಲ್ಲು ಕಳೆದುಕೊಂಡು ಹಲಗೆಯಂತೆ ಚಪ್ಪಟೆಯಾಗಿರುತ್ತವೆ. ಅಂಥ ಗಾಡಿಗೆ ಕಂಪನಿಯದೇ ಹೊಸ ಸೆಟ್ಟು ಹಾಕಿದರೆ ಕಳೆದುಹೋದ ಎತ್ತರ ತಾನಾಗಿ ವಾಪಸು ಬರುತ್ತದೆ. ಅದಕ್ಕೆ ಯಾರ ಪರವಾನಗಿಯೂ ಬೇಡ. ಹಾಗೆಯೇ ಹೊಟ್ಟೆಯ ಕೆಳಗೆ ಮಲಗಿ ನೋಡಿ: ಎಲ್ಲೆಲ್ಲಿ ಗೀರು ಬಿದ್ದಿದೆ? ಬದಿಯ ಫುಟ್‌ಸ್ಟೆಪ್ ಬಡಿಯುತ್ತಿದ್ದರೆ ಅದನ್ನು ಬಿಚ್ಚಿಡಿ. ಟ್ರಾಲಿ ಎಳೆಯುವ ಕೊಕ್ಕೆ ಕೆಳಗೆ ಜೋತಿದ್ದರೆ ಮೇಲಕ್ಕೆ ಕೂರಿಸಿ. ಗೀರೆಲ್ಲ ಹೌಸಿಂಗ್ ಮೇಲೇ ಇದ್ದರೆ ಲಿಫ್ಟ್ ಬಿಡಿ, ಟೈರಿನ ಕಡೆ ಗಮನ ಕೊಡಿ. ಗೀರುಗಳು ಚಾಸಿ, ಟ್ಯಾಂಕು, ಬಂಪರ್ ಮೇಲಿದ್ದರೆ ಮಾತ್ರ ಲಿಫ್ಟ್ ಮಾಡಿಸುವುದಕ್ಕೆ ಅರ್ಥವಿದೆ.

ಎಷ್ಟು ಎತ್ತರಿಸಬೇಕು? ಒಂದೂವರೆಯಿಂದ ಎರಡು ಇಂಚು, ಅಂದರೆ 40ರಿಂದ 50 ಮಿ.ಮೀ. ಅದರಾಚೆಗೆ ಹೋದರೆ ಮುಂದಿನ ಮೇಲಿನ ಆರ್ಮ್, ಪ್ರೊಪೆಲ್ಲರ್ ಶಾಫ್ಟಿನ ಕೋನ, ಬ್ರೇಕ್ ಪೈಪಿನ ಉದ್ದ ಎಲ್ಲವನ್ನೂ ಬದಲಿಸುತ್ತ ಹೋಗಬೇಕಾಗುತ್ತದೆ. ಕೃಷಿ ಕೆಲಸದ ಗಾಡಿಗೆ ಅದು ಬೇಕಿಲ್ಲ.

ಮುಂದಿನ ಭಾಗದಲ್ಲಿ ಏನಿದೆ ಎಂದು ಮೊದಲು ನೋಡಿ. ವಿ-ಕ್ರಾಸ್, ಹೈಲಕ್ಸ್‌ಗಳಲ್ಲಿ ಎರಡು ಗಾಲಿಗೂ ಬೇರೆ ಬೇರೆ ಆರ್ಮ್, ನಡುವೆ ಕಾಯಿಲ್ ಸ್ಪ್ರಿಂಗಿನೊಳಗೆ ಶಾಕ್ ಅಬ್ಸಾರ್ಬರ್ ಇರುತ್ತದೆ. ಕೆಲವು ಪಿಕಪ್‌ಗಳಲ್ಲಿ ಮುಂದೆಯೂ ಪ್ಲೇಟುಗಳೇ. ಕಾಯಿಲ್ ಇದ್ದರೆ ಎರಡು ದಾರಿ. ಒಂದು, ಸ್ಪ್ರಿಂಗ್-ಶಾಕ್ ಜೋಡಣೆಯ ನೆತ್ತಿಗೂ ಚಾಸಿಗೂ ನಡುವೆ ಲೋಹದ ಸ್ಪೇಸರ್ ಇಡುವುದು. ಇದು ಅಗ್ಗ, ಕೆಲಸವೂ ಬೇಗ ಮುಗಿಯುತ್ತದೆ. ಆದರೆ ಇಲ್ಲಿ ಬಹಳ ಜನ ಎಡವುತ್ತಾರೆ. ಶಾಕ್ ಕೂತಿರುವುದು ಗಾಲಿಯ ಹತ್ತಿರವಲ್ಲ, ಆರ್ಮಿನ ನಡುಭಾಗದಲ್ಲಿ. ಅಲ್ಲಿ ಒಂದು ಇಂಚು ಸ್ಪೇಸರ್ ಇಟ್ಟರೆ ಗಾಲಿಯ ಕಡೆ ಹೆಚ್ಚುಕಡಿಮೆ ಎರಡು ಇಂಚು ಏರುತ್ತದೆ. ಎರಡು ಇಂಚು ಬೇಕೆಂದು ಎರಡು ಇಂಚಿನದೇ ಸ್ಪೇಸರ್ ಹಾಕಿಸಿದರೆ ಮುಂಭಾಗ ನಾಲ್ಕು ಇಂಚಿನ ಹತ್ತಿರ ಎದ್ದು, ಗಾಲಿ ತಿರುಗಿಸುವ ಆಕ್ಸಲ್ ಜಾಯಿಂಟುಗಳು ಕಡಿದಾದ ಕೋನಕ್ಕೆ ಸಿಕ್ಕು, ರಬ್ಬರ್ ಬೂಟು ಹರಿದು ಗ್ರೀಸು ಚೆಲ್ಲಿ ಹಾಳಾಗುತ್ತವೆ. ಸ್ಪೇಸರಿಗೆ ಇನ್ನೊಂದು ಮಿತಿಯೂ ಇದೆ. ಶಾಕ್ ಹಳೆಯದೇ ಆದ್ದರಿಂದ ಗಾಲಿ ಕೆಳಗೆ ಇಳಿಯುವಾಗ ಆರ್ಮುಗಳು ಮೊದಲಿಗಿಂತ ಹೆಚ್ಚು ಜೋಲುತ್ತವೆ.

ಎರಡನೆಯ ದಾರಿ ತುಸು ಉದ್ದದ, ಸರಿಯಾದ ಬಿಗಿಯ ಸ್ಪ್ರಿಂಗು ಮತ್ತು ಅದಕ್ಕೆ ಹೊಂದುವ ಶಾಕ್‌ಗಳ ಸೆಟ್ಟು. ದುಬಾರಿ, ಆದರೆ ನಾನು ಇದನ್ನೇ ಹೇಳುತ್ತೇನೆ. ಡಿ-ಮ್ಯಾಕ್ಸ್, ಹೈಲಕ್ಸ್‌ಗಳು ಥಾಯ್ಲೆಂಡ್, ಆಸ್ಟ್ರೇಲಿಯಾಗಳ ಹೊಲಗದ್ದೆಗಳಲ್ಲಿ ದಶಕಗಳಿಂದ ದುಡಿಯುತ್ತಿರುವ ಗಾಡಿಗಳು. ಅವುಗಳಿಗೆ ಆಸ್ಟ್ರೇಲಿಯಾದ ಓಲ್ಡ್ ಮ್ಯಾನ್ ಎಮು, ಐರನ್‌ಮ್ಯಾನ್‌ನಂಥ ಹೆಸರಾಂತ ಸೆಟ್ಟುಗಳಿವೆ. ತರಿಸುವಾಗ ಒಂದು ಜಾಗ್ರತೆ ಬೇಕು. 2019ರ ಕೊನೆಗೆ ಥಾಯ್ಲೆಂಡಿನಲ್ಲಿ ಹೊರಬಂದ ಹೊಸ ತಲೆಮಾರಿನ ಡಿ-ಮ್ಯಾಕ್ಸ್ ಬೇರೆ, 2021ರಲ್ಲಿ ನಮ್ಮಲ್ಲಿ ಬಿಎಸ್-6 ಎಂಜಿನ್ನಿನೊಂದಿಗೆ ಬಂದ ವಿ-ಕ್ರಾಸ್ ಬೇರೆ. ನಮ್ಮದು ಹಿಂದಿನ ತಲೆಮಾರಿನ ಚಾಸಿ. ಹೆಸರೊಂದೇ ನೋಡಿ ಆರ್ಡರ್ ಮಾಡದೆ ಚಾಸಿ ನಂಬರ್ ಕೊಟ್ಟು ಕೇಳಿ. ಸ್ಪ್ರಿಂಗ್ ಆರಿಸುವಾಗ ಮುಂದೆ ಭಾರದ ಕಬ್ಬಿಣದ ಬಂಪರ್ ಇದೆಯೇ, ಹಿಂದೆ ಸದಾ ಎಷ್ಟು ಕಿಲೊ ಇರುತ್ತದೆ ಎಂಬುದನ್ನು ನಿಜ ಹೇಳಿ. ವಾರಕ್ಕೊಮ್ಮೆ ಸಾವಿರ ಕಿಲೊ ಹೇರಿ ಉಳಿದ ದಿನ ಖಾಲಿ ಓಡಿಸುವವರು ಸಾವಿರ ಕಿಲೊದ ಸ್ಪ್ರಿಂಗ್ ಹಾಕಿಸಿಕೊಂಡರೆ ಖಾಲಿ ಗಾಡಿ ಕುಣಿಯುತ್ತದೆ, ಹಿಂದಿನ ಗಾಲಿ ನೆಲ ಬಿಡುತ್ತದೆ.

ಹಿಂಭಾಗದ ಕೆಲಸ ನಮ್ಮ ಊರುಗಳ ಸ್ಪ್ರಿಂಗ್ ಪ್ಲೇಟಿನ ಅಂಗಡಿಗಳಿಗೆ ಚೆನ್ನಾಗಿ ಗೊತ್ತಿರುವಂಥದ್ದು. ಅಲ್ಲಿ ಮೂರು ಸಲಹೆ ಬರುತ್ತವೆ. ಉದ್ದದ ಶ್ಯಾಕಲ್ ಹಾಕುವುದು ಒಂದು. ಮೊದಲಿನದಕ್ಕಿಂತ ಎರಡು ಇಂಚು ಹೆಚ್ಚು ಉದ್ದದ ಶ್ಯಾಕಲ್ ಹಾಕಿದರೆ ಗಾಡಿ ಏರುವುದು ಸುಮಾರು ಒಂದು ಇಂಚು. ಜೊತೆಗೆ ಹೌಸಿಂಗಿನ ಮೂತಿ ಮೇಲಕ್ಕೆ ಹೊರಳಿ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ. ಆಕ್ಸಲ್ ಮತ್ತು ಪ್ಲೇಟಿನ ನಡುವೆ ಬ್ಲಾಕ್ ಇಡುವುದು ಇನ್ನೊಂದು. ಒಂದೇ ಅಚ್ಚಿನ, ಅಡ್ಡಲಾಗಿ ಜಾರದಂತೆ ಗೂಟವಿರುವ ಸಣ್ಣ ಬ್ಲಾಕ್ ಆದರೆ ಒಪ್ಪಬಹುದು. ಒಂದರ ಮೇಲೊಂದು ಪೇರಿಸಿದ್ದನ್ನು ಒಪ್ಪಲೇಬೇಡಿ. ಮುಂದಿನ ಆಕ್ಸಲಿಗಂತೂ ಬ್ಲಾಕ್ ಕೂಡದು. ಬ್ರೇಕ್ ಹಾಕಿದಾಗ ಅಲ್ಲಿ ಬೀಳುವ ತಿರುಚುಬಲ ಬಹಳ.

ಮೂರನೆಯದು ಒಂದು ಪ್ಲೇಟು ಸೇರಿಸುವುದು ಇಲ್ಲವೇ ಇಡೀ ಸೆಟ್ಟನ್ನು ಹೊಸ ಬಿಲ್ಲಿನದಾಗಿ ಬದಲಿಸುವುದು. ಲೋಡು ಹೊರುವ ಗಾಡಿಗೆ ಇದೇ ಸರಿ. ಉದ್ದದ ಪ್ಲೇಟು ಸೇರಿಸಿದರೆ ಭಾರ ಉದ್ದಕ್ಕೂ ಹಂಚಿಹೋಗುತ್ತದೆ. ತುಂಡು ಪ್ಲೇಟು ಸೇರಿಸಿದರೆ ಅದರ ತುದಿ ಒತ್ತುವ ಜಾಗದಲ್ಲೇ ಮೇಲಿನ ಪ್ಲೇಟು ಕಾಲಾಂತರದಲ್ಲಿ ಕಟ್ಟಾಗುವ ಭಯ. ಹಳೆಯ ಪ್ಲೇಟನ್ನೇ ಬಡಿದು ಬಿಲ್ಲು ಏರಿಸುವ ಪದ್ಧತಿ ನಮ್ಮಲ್ಲಿದೆ. ತಣ್ಣಗೆ ಬಡಿದು ಬಿಲ್ಲು ಏರಿಸುವ ನುರಿತ ಕೈಗಳಿವೆ, ಆದರೂ ಅದು ಕೆಲ ತಿಂಗಳಲ್ಲಿ ಮತ್ತೆ ಕೂರುತ್ತದೆ. ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಹಾಗೇ ತಣಿಯಲು ಬಿಟ್ಟರೆ ಸ್ಪ್ರಿಂಗಿನ ಹದವೇ ಹೋಗುತ್ತದೆ. ಸ್ಪ್ರಿಂಗ್ ಪ್ಲೇಟಿಗೆ ವೆಲ್ಡಿಂಗ್ ಎಂದೆಂದಿಗೂ ಬೇಡ. ಅಂಥ ಪ್ಲೇಟು ಲೋಡಿನಲ್ಲಿ, ಇಳಿಜಾರಿನಲ್ಲಿ, ಅತಿ ಕೆಟ್ಟ ಹೊತ್ತಿನಲ್ಲೇ ಮುರಿಯುತ್ತದೆ.

ಹೆಚ್ಚು ಪ್ಲೇಟು ಹಾಕಿಸಿದ ಮೇಲೆ ಹೆಚ್ಚು ಲೋಡು ಹೇರಬಹುದೆಂಬ ನಂಬಿಕೆ ನಮ್ಮ ಭಾಗದಲ್ಲಿ ಗಟ್ಟಿಯಾಗಿದೆ. ಇದನ್ನು ಬಿಡಲೇಬೇಕು. ಆಕ್ಸಲ್, ಬೇರಿಂಗ್, ಚಾಸಿ, ಬ್ರೇಕು, ಟೈರು ಎಲ್ಲ ಮೊದಲಿನವೇ. ಆರ್‌ಸಿಯಲ್ಲಿ ಬರೆದ ಒಟ್ಟು ತೂಕ ಒಂದು ಕಿಲೊ ಕೂಡ ಹೆಚ್ಚಾಗುವುದಿಲ್ಲ.

ಕೆಲಸದ ದಿನ ನೀವು ಅಲ್ಲೇ ಇರಿ. ಗಾಡಿಯನ್ನು ಜಾಕಿನ ಮೇಲೊಂದೇ ನಿಲ್ಲಿಸಿ, ಇಟ್ಟಿಗೆ ಕಲ್ಲು ಪೇರಿಸಿ ಕೆಳಗೆ ತೂರುವ ಗ್ಯಾರೇಜು ಆದರೆ ಅಲ್ಲಿಂದ ಎದ್ದು ಬನ್ನಿ. ಚಾಸಿಯ ಕೆಳಗೆ ಉಕ್ಕಿನ ಸ್ಟ್ಯಾಂಡ್‌ಗಳಿರಬೇಕು, ನೆಲದಲ್ಲಿರುವ ಗಾಲಿಗಳಿಗೆ ಮುಂದೆ ಹಿಂದೆ ಅಡ್ಡಗಟ್ಟೆ ಇರಬೇಕು. ಕಾಯಿಲ್ ಸ್ಪ್ರಿಂಗನ್ನು ಶಾಕ್‌ನಿಂದ ಬಿಡಿಸುವಾಗ ಅದರಲ್ಲಿ ಅಡಗಿರುವ ಬಲ ಆಳನ್ನು ಕೊಲ್ಲುವಷ್ಟು. ಗಟ್ಟಿಯಾದ ಕಂಪ್ರೆಸರ್ ಯಂತ್ರವಿಲ್ಲದವರ ಹತ್ತಿರ ಆ ಕೆಲಸ ಮಾಡಿಸಬಾರದು. ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ದಿನವೇ ಎಣ್ಣೆ ಬಿಟ್ಟಿದ್ದರೆ ಅರ್ಧ ಕೆಲಸ ಹಗುರ.

ಹಿಂದೆ ಆಕ್ಸಲನ್ನು ಪ್ಲೇಟಿಗೆ ಕಚ್ಚಿ ಹಿಡಿಯುವ ಯು-ಬೋಲ್ಟ್‌ಗಳನ್ನು ಹೊಸವೇ ಹಾಕಿಸಿ. ಒಮ್ಮೆ ಬಿಗಿದು ಹಿಗ್ಗಿದ ಬೋಲ್ಟು ಎರಡನೇ ಸಲ ಅದೇ ಹಿಡಿತ ಕೊಡುವುದಿಲ್ಲ. ಪ್ಲೇಟು ದಪ್ಪವಾದಾಗ ಹಳೆಯ ಬೋಲ್ಟಿನ ಉದ್ದವೂ ಸಾಲುವುದಿಲ್ಲ. ನಡುವಿನ ಸೆಂಟರ್ ಬೋಲ್ಟಿನ ತಲೆ ಆಕ್ಸಲಿನ ಗುಳಿಯಲ್ಲಿ ಪೂರ್ತಿ ಕೂತಿದೆಯೇ ಎಂದು ಕಣ್ಣಾರೆ ನೋಡಿ. ನಾಲ್ಕೂ ನಟ್ಟನ್ನು ಅಡ್ಡಡ್ಡ ಸರದಿಯಲ್ಲಿ, ಟಾರ್ಕ್ ರೆಂಚ್ ಹಿಡಿದು, ಕಂಪನಿಯ ಪುಸ್ತಕದಲ್ಲಿರುವ ಅಳತೆಗೆ ಬಿಗಿಯಬೇಕು. ಪಾನಾಕ್ಕೆ ಪೈಪು ಸಿಕ್ಕಿಸಿ ಜೋತುಬೀಳುವುದು ಅಳತೆಯಲ್ಲ.

ಎಲ್ಲರೂ ಮರೆಯುವ ಒಂದು ಹಂತವಿದೆ. ಆರ್ಮುಗಳ, ಶ್ಯಾಕಲ್‌ಗಳ ತುದಿಯಲ್ಲಿ ರಬ್ಬರ್ ಬುಶ್ ಇರುತ್ತವೆ. ಅವು ಬೇರಿಂಗಿನಂತೆ ತಿರುಗುವುದಿಲ್ಲ, ರಬ್ಬರು ತಿರುಚಿಕೊಂಡು ಚಲನೆಗೆ ಎಡೆ ಕೊಡುತ್ತದೆ. ಗಾಲಿಗಳು ಗಾಳಿಯಲ್ಲಿ ಜೋಲುತ್ತಿರುವಾಗಲೇ ಆ ಬೋಲ್ಟುಗಳನ್ನು ಬಿಗಿದುಬಿಟ್ಟರೆ, ಗಾಡಿ ನೆಲಕ್ಕಿಳಿದ ಗಳಿಗೆಯಿಂದ ರಬ್ಬರು ಸದಾ ತಿರುಚಿದ ಸ್ಥಿತಿಯಲ್ಲೇ ಇರುತ್ತದೆ. ಕೆಲವೇ ತಿಂಗಳಲ್ಲಿ ಸೀಳುತ್ತದೆ. ಗಾಡಿ ತನ್ನ ಸರಿಯಾದ ಎತ್ತರಕ್ಕೆ ಇಳಿದು ಕೂರುವುದೂ ಇಲ್ಲ, ಸಸ್ಪೆನ್ಷನ್ ಕಿರುಗುಡುತ್ತದೆ. ಆದ್ದರಿಂದ ಮೊದಲು ಬೋಲ್ಟುಗಳನ್ನು ಬೆರಳಿನ ಬಿಗಿಗೆ ಹಾಕಿ, ಗಾಡಿ ನೆಲಕ್ಕಿಳಿಸಿ, ನಾಲ್ಕು ಸಲ ಒತ್ತಿ ಕುಣಿಸಿ, ಹಿಂದೆ ಮುಂದೆ ಸ್ವಲ್ಪ ಉರುಳಿಸಿ, ಪೂರ್ತಿ ಭಾರ ಗಾಲಿಯ ಮೇಲಿರುವಾಗ ಕೊನೆಯ ಬಿಗಿ ಕೊಡಬೇಕು. ಮೆಕ್ಯಾನಿಕ್‌ಗೆ ಇದನ್ನು ಮೊದಲೇ ಹೇಳಿಡಿ.

ಬಿಗಿದಾದ ಮೇಲೆ ಬ್ರೇಕಿನ ರಬ್ಬರ್ ಪೈಪು, ಎಬಿಎಸ್ ವೈರು, ಹೌಸಿಂಗಿನ ಉಸಿರುಕೊಳವೆ ಇವುಗಳನ್ನು ನೋಡಿ. ಸ್ಟೀರಿಂಗನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಪೂರ್ತಿ ತಿರುಗಿಸಿ, ಗಾಲಿ ಜೋತ ಸ್ಥಿತಿಯಲ್ಲೂ ಯಾವುದೂ ಬಿಗಿದು ಎಳೆದಂತೆ ಇರಬಾರದು. ಪ್ರೊಪೆಲ್ಲರ್ ಶಾಫ್ಟ್ ಎರಡು ತುಂಡಿನದಾಗಿದ್ದರೆ, ನಿಂತಲ್ಲಿಂದ ಹೊರಡುವಾಗ ತಳದಲ್ಲಿ ಗಡಗಡ ನಡುಕ ಬರಬಹುದು. ನಡುವಿನ ಬೇರಿಂಗನ್ನು ಕೆಲ ಮಿ.ಮೀ. ಇಳಿಸಿ ಕೂರಿಸಿದರೆ ಅಥವಾ ಆಕ್ಸಲಿನ ಕೆಳಗೆ ಓರೆಯ ಶಿಮ್ ಹಾಕಿದರೆ ಅದು ಸರಿಹೋಗುತ್ತದೆ.

ಇನ್ನು ಜೀವಕ್ಕೆ ಸಂಬಂಧಿಸಿದ ಒಂದು ಸಣ್ಣ ಕಡ್ಡಿ. ಅನೇಕ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲಿನಿಂದ ಚಾಸಿಯ ಮೇಲಿನ ಒಂದು ವಾಲ್ವಿಗೆ ಲಿಂಕ್ ಇರುತ್ತದೆ. ಲೋಡು ಹೆಚ್ಚಾಗಿ ಗಾಡಿ ಕೂತಾಗ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ, ಖಾಲಿಯಾಗಿ ಎದ್ದಾಗ ಕಡಿಮೆ ಒತ್ತಡ ಕಳಿಸುವುದು ಅದರ ಕೆಲಸ. ನೀವು ಹಿಂಭಾಗವನ್ನು ಎರಡು ಇಂಚು ಎತ್ತರಿಸಿದಿರೆಂದರೆ ಆ ವಾಲ್ವು ಗಾಡಿ ಸದಾ ಖಾಲಿ ಇದೆ ಎಂದೇ ತಿಳಿಯುತ್ತದೆ. ಪೂರ್ತಿ ಲೋಡಿನಲ್ಲಿ ಸವದತ್ತಿಯ ಯಲ್ಲಮ್ಮನ ಗುಡ್ಡ ಇಳಿಯುವಾಗ ಹಿಂದಿನ ಬ್ರೇಕು ಕೈಕೊಡುತ್ತದೆ. ಎಲ್ಲ ಭಾರ ಮುಂದಿನ ಬ್ರೇಕಿನ ಮೇಲೆ. ಲಿಂಕಿನ ಆಧಾರವನ್ನು ಎತ್ತರಿಸಿದಷ್ಟೇ ಹೊಂದಿಸಬೇಕು. ನಿಮ್ಮ ಗಾಡಿಯಲ್ಲಿ ಈ ವಾಲ್ವು ಇದೆಯೇ ಎಂದು ಕೇಳಿ. ಪ್ರಶ್ನೆ ಅರ್ಥವಾಗದ ಗ್ಯಾರೇಜಿಗೆ ಈ ಕೆಲಸ ಕೊಡಬೇಡಿ.

ಅಲೈನ್‌ಮೆಂಟ್ ಅದೇ ದಿನ ಇಲ್ಲವೇ ಮರುದಿನ. ಮುಂಭಾಗ ಎದ್ದಾಗ ಗಾಲಿಯ ವಾಲು, ಮೂತಿ ಎಲ್ಲ ಬದಲಾಗಿರುತ್ತದೆ. ಹಾಗೇ ಓಡಿಸಿದರೆ ಟೈರಿನ ಒಂದೇ ಅಂಚು ಸವೆಯುತ್ತದೆ, ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವ ಗುಣ ಕಡಿಮೆಯಾಗಿ ಹೆದ್ದಾರಿಯಲ್ಲಿ ಗಾಡಿ ಅಲೆಯುತ್ತದೆ. ಟೋ ಒಂದನ್ನೇ ನೋಡಿ ಕಳಿಸುವವರ ಹತ್ತಿರ ಬೇಡ. ಕ್ಯಾಸ್ಟರ್, ಕ್ಯಾಂಬರ್ ಸಹ ತೋರಿಸುವ ಕಂಪ್ಯೂಟರ್ ಯಂತ್ರವೇ ಬೇಕು, ಅದರ ಮುದ್ರಿತ ಚೀಟಿ ಇಸಿದುಕೊಳ್ಳಿ. ಕಿತ್ತೂರಿನವರಿಗೆ ಧಾರವಾಡ, ಬೈಲಹೊಂಗಲದವರಿಗೆ ಬೆಳಗಾವಿ, ರಾಮದುರ್ಗದವರಿಗೆ ನರಗುಂದ ಹಾದು ಹುಬ್ಬಳ್ಳಿ ಅನುಕೂಲ. ಹೆಡ್‌ಲೈಟಿನ ಬೆಳಕನ್ನೂ ಕೆಳಕ್ಕಿಳಿಸಿ ಹೊಂದಿಸಲು ಮರೆಯಬೇಡಿ. ಎತ್ತರಿಸಿದ ಗಾಡಿಯ ದೀಪ ಎದುರಿನ ಬೈಕ್ ಸವಾರನ ಕಣ್ಣಿಗೇ ಹೊಡೆಯುತ್ತದೆ.

ಕಾನೂನಿನ ಮಾತನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ ಅಥವಾ ಎರಡನ್ನೂ ವಿಧಿಸಬಹುದು ಎನ್ನುತ್ತದೆ. ಅಂಗಡಿಯವರು ಎಲ್ಲರೂ ಹಾಕಿಸುತ್ತಾರೆ ಎಂದು ಹೇಳುವ ಧೈರ್ಯದ ಮಾತು ಕಾಗದವಲ್ಲ. ಕೆಎ-24 ನೋಂದಣಿಯ ಗಾಡಿಯಾದರೆ ಬೈಲಹೊಂಗಲದ ಸಾರಿಗೆ ಕಚೇರಿಗೆ ಹೋಗಿ, ಹಾಕಿಸಬೇಕೆಂದಿರುವ ಸೆಟ್ಟಿನ ವಿವರ ತೋರಿಸಿ, ಲಿಖಿತ ಉತ್ತರ ಪಡೆದು ಮುಂದುವರಿಯಿರಿ. ಹಳದಿ ಬೋರ್ಡಿನ ಸರಕು ಗಾಡಿಗೆ ಇದು ಇನ್ನೂ ಮುಖ್ಯ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿಗೆ ನಿಲ್ಲಲೇಬೇಕಲ್ಲ. ವಿಮಾ ಕಂಪನಿಗೂ ಬರಹದಲ್ಲಿ ತಿಳಿಸಿ. ತಿಳಿಸದ ಮಾರ್ಪಾಡು ಅಪಘಾತದ ಪರಿಹಾರಕ್ಕೆ ಮೊದಲ ಅಡ್ಡಿ. ವಾರಂಟಿ ಇರುವ ಗಾಡಿಯಾದರೆ ಶೋರೂಮಿನಲ್ಲೇ ಸಿಗುವ, ಕಂಪನಿಯೇ ಒಪ್ಪಿದ ಭಾಗಗಳಾಚೆಗೆ ಹೋಗದಿರುವುದು ಲೇಸು.

ಗಾಡಿ ಎತ್ತರವಾದಷ್ಟೂ ಅದರ ಭಾರದ ನಡು ಮೇಲೇರುತ್ತದೆ, ತಿರುವಿನಲ್ಲಿ ವಾಲುವುದು ಹೆಚ್ಚುತ್ತದೆ. 48ನೇ ಹೆದ್ದಾರಿಯಲ್ಲಿ ಹಠಾತ್ತನೆ ಅಡ್ಡ ಬಂದವರನ್ನು ತಪ್ಪಿಸಲು ಸ್ಟೀರಿಂಗ್ ಎಳೆದಾಗ ಇದು ಗೊತ್ತಾಗುತ್ತದೆ. ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಹುಣ್ಣಿಮೆಯ ಜಾತ್ರೆಗೆ ಪಿಕಪ್‌ನ ಹಿಂದೆ ಜನ ತುಂಬಿಕೊಂಡು ಹೋಗುವ ನಮ್ಮ ರೂಢಿ. ನಿಂತ ಜನರ ಭಾರವೆಲ್ಲ ಎದೆಯ ಎತ್ತರದಲ್ಲಿರುತ್ತದೆ, ಗೊಬ್ಬರದ ಚೀಲದಂತೆ ತಳದಲ್ಲಿ ಅಲ್ಲ. ತಿರುವಿನಲ್ಲಿ ಎಲ್ಲರೂ ಒಂದೇ ಬದಿಗೆ ವಾಲುತ್ತಾರೆ. 2023ರ ಜನವರಿಯಲ್ಲಿ ಯಲ್ಲಮ್ಮನ ದರ್ಶನಕ್ಕೆ ಹೊರಟಿದ್ದ ಭಕ್ತರನ್ನು ಹತ್ತಿಸಿಕೊಂಡ ಸರಕು ವಾಹನ ರಾಮದುರ್ಗ ತಾಲ್ಲೂಕಿನಲ್ಲಿ ಮರಕ್ಕೆ ಗುದ್ದಿ ಆರು ಜನ ಸತ್ತರು. ಆ ಗಾಡಿಗೆ ಲಿಫ್ಟ್ ಇತ್ತೆಂದು ನಾನು ಹೇಳುತ್ತಿಲ್ಲ. ಸರಕಿನ ಗಾಡಿಯಲ್ಲಿ ಜನರನ್ನು ಹತ್ತಿಸುವುದು ಎಂದಿಗೂ ಅಪಾಯ, ಎತ್ತರಿಸಿದ ಗಾಡಿಯಲ್ಲಿ ಆ ಅಪಾಯ ಇನ್ನೂ ಹೆಚ್ಚು. ಲಿಫ್ಟ್ ಮಾಡಿಸಿದವರು ಈ ಒಂದು ಕೆಲಸವನ್ನು ಪೂರ್ತಿ ನಿಲ್ಲಿಸಬೇಕು.

ಕೆಲಸವನ್ನು ಮೇ ತಿಂಗಳಲ್ಲಿ ಮುಗಿಸಿಕೊಂಡರೆ ಮುಂಗಾರಿಗೆ ಮೊದಲು ಎಲ್ಲವೂ ಕೂತು ಹದಕ್ಕೆ ಬರಲು ಸಮಯ ಸಿಗುತ್ತದೆ. ಮೊದಲ ನೂರು ಕಿಲೊಮೀಟರ್ ಖಾಲಿ ಓಡಿಸಿ ಯು-ಬೋಲ್ಟ್‌ಗಳನ್ನು ಮತ್ತೆ ಟಾರ್ಕ್ ರೆಂಚಿನಿಂದ ನೋಡಿಸಿ. ಐನೂರಕ್ಕೆ ಮತ್ತೊಮ್ಮೆ ನೋಡಿಸಿ, ಅದೇ ಹೊತ್ತಿಗೆ ಮೊದಲು ಬರೆದಿಟ್ಟ ಆ ಎಂಟು ಅಳತೆಗಳನ್ನು ಮತ್ತೆ ತೆಗೆಯಿರಿ. ಹೊಸ ಸ್ಪ್ರಿಂಗ್ ತುಸು ಕೂರುವುದು ಸಹಜ, ಎಡ ಬಲ ಸಮ ಇದ್ದರೆ ಸಾಕು. ಒಂದು ಬದಿ ಮಾತ್ರ ಇಳಿದಿದ್ದರೆ, ಮುಂದಿನ ಆಕ್ಸಲ್ ಬೂಟಿನ ಸುತ್ತ ಗ್ರೀಸು ಕಂಡರೆ, ಇಲ್ಲವೇ ಮುಂದಿನ ಟೈರು ಒಂದೇ ಅಂಚಿನಲ್ಲಿ ಸವೆಯತೊಡಗಿದರೆ ಲೋಡು ಹೇರದೆ ನೇರ ಗ್ಯಾರೇಜಿಗೆ ಒಯ್ಯಿರಿ. ಬಿಚ್ಚಿದ ಹಳೆಯ ಸ್ಪ್ರಿಂಗು, ಪ್ಲೇಟು, ಶಾಕ್‌ಗಳನ್ನು ಗುಜರಿಗೆ ಹಾಕಬೇಡಿ. ಎಫ್‌ಸಿಯಲ್ಲಿ ತಕರಾರು ಬಂದರೆ ಅಥವಾ ಗಾಡಿ ಮಾರುವಾಗ ಕೊಳ್ಳುವವರು ಮೂಲ ಎತ್ತರವನ್ನೇ ಕೇಳಿದರೆ ಅವು ಬೇಕಾಗುತ್ತವೆ.